ಹೊಟ್ಟೆಯ ದನಿ, ಹಲ್ಲಿನ ದನಿ

ಮೊನ್ನೆ ಮೊಮ್ಮಗಳು ಹೆಡ್‌ಫೋನ್ ತಂದು ನನ್ನ ಕಿವಿಗೆ ಹಾಕಿದಳು. ಹಾಕಿದ ಕೂಡಲೇ ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗೆ ಧಮ್ ಧಮ್ ಅಂತು. ಹಾಡುವವಳು ಎಲ್ಲೋ ಗೋಡೆಯ ಆಚೆ ಇದ್ದಳು. "ಹೆಂಗದ ಆಯಿ?" ಅಂದಳು. "ಬರೇ ಹೊಟ್ಟಿ ಅದ. ಹಲ್ಲೇ ಇಲ್ಲ" ಅಂದೆ. "ನಿನಗೂ ಇಲ್ಲಲ್ಲ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆವತ್ತಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಹೊಟ್ಟಿ, ಹಲ್ಲು ಎನ್ನುವುದು ನನ್ನ ಮಾತಲ್ಲ, ನನ್ನ ಅವ್ವನ ಮಾತು. ನಲವತ್ತು ವರ್ಷದ ಮೇಲೆ ಅದು ನನ್ನ ಬಾಯಿಂದ ಬಂತು. ಬಂದ ಮೇಲೆ ಹಿಂದೆ ಹೋಗಲಿಲ್ಲ.

ಶಹಾಬಾದಿನಲ್ಲಿ ನಮ್ಮ ಮನೆ ಇತ್ತು. ನೆಲ ಪರಸಿ ಕಲ್ಲಿನ ಚಪ್ಪಡಿ, ಗೋಡೆ ಪರಸಿ, ಮೇಲೆ ಹೊದಿಸಿದ್ದೂ ಪರಸಿ. ಬೇಸಿಗೆಯಲ್ಲಿ ಕಾಲಿಡಲು ಆಗುತ್ತಿರಲಿಲ್ಲ, ಚಳಿಗಾಲದಲ್ಲೂ ಆಗುತ್ತಿರಲಿಲ್ಲ. ಅಪ್ಪ ಮೊದಲು ಕಲ್ಲಿನ ಖಣಿಯಲ್ಲಿ ಸುರಂಗ ಹೊಡೆಯುತ್ತಿದ್ದ. ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ. ಆಮೇಲೆ ಅದನ್ನು ಬಿಟ್ಟು ಮೈಕ್‌ಸೆಟ್ ಇಟ್ಟ. ಕಹಳೆ ಬಾಯಿಯ ಎರಡು ಭೋಂಗಾ, ಆಳೆತ್ತರದ ಎರಡು ಡಬ್ಬಿ ಸ್ಪೀಕರು, ಬಿಸಿಯಾದರೆ ಸುಟ್ಟ ರಬ್ಬರಿನ ವಾಸನೆ ಬರುವ ಒಂದು ಮಷೀನು. ಮದುವೆ, ತೊಟ್ಟಿಲು, ಭಜನೆ, ಎಲ್ಲಕ್ಕೂ ನಮ್ಮದೇ ಸೆಟ್ಟು. "ಅವನ ಸೆಟ್ ಹಚ್ಚಿದ್ರ ಕಿವಿ ನೋಯಂಗಿಲ್ಲ" ಎಂದು ವಾಡಿಯ ತನಕ ಜನ ಹೇಳುತ್ತಿದ್ದರು. ಆ ಹೆಸರಿನ ಮೇಲೆಯೇ ನಾವು ಉಣ್ಣುತ್ತಿದ್ದೆವು. ಆದರೆ ಅಪ್ಪನಿಗೆ ತೆಳು ದನಿ ಕೇಳುತ್ತಿರಲಿಲ್ಲ. ಖಣಿಯ ಸುರಂಗ ಅವನ ಕಿವಿಯ ಅರ್ಧವನ್ನು ತಿಂದುಬಿಟ್ಟಿತ್ತು. ಗುಡುಗು ಕೇಳುತ್ತಿತ್ತು, ಬಳೆ ಕೇಳುತ್ತಿರಲಿಲ್ಲ. ಇದು ಅವ್ವನಿಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ಗೊತ್ತಾದರೆ ಸೆಟ್ಟನ್ನು ಕೇಳಲು ಯಾರೂ ಬರುವುದಿಲ್ಲ ಎನ್ನುವುದೂ ಗೊತ್ತಿತ್ತು.

ಕಿವಿ ಅವ್ವನದು. ಮಷೀನಿನಲ್ಲಿ ದಪ್ಪ ದನಿಗೆ ಒಂದು ಗುಂಡಿ, ತೆಳು ದನಿಗೆ ಒಂದು. ಅವ್ವ ಮೊದಲನೆಯದನ್ನು ಹೊಟ್ಟಿ ಎನ್ನುತ್ತಿದ್ದಳು, ಎರಡನೆಯದನ್ನು ಹಲ್ಲು. ಹೊಟ್ಟಿ ಹೆಚ್ಚಾದರೆ ಕೂತ ನೆಲ ಗುಂಯ್ ಎನ್ನುತ್ತದೆ, ಮಾತು ಮುದ್ದೆಯಾಗುತ್ತದೆ. ಹಲ್ಲು ಹೆಚ್ಚಾದರೆ ಸ, ಶ ಬಂದಾಗಲೆಲ್ಲ ಕಾದ ಹಂಚಿಗೆ ನೀರು ಸಿಡಿದ ಹಾಗಾಗುತ್ತದೆ. ತಬಲಾ ಹಚ್ಚಿಸಿ ನೋಡುತ್ತಿದ್ದಳು. ಬಾರಿಸುವವನ ಎರಡೂ ಕೈ ಕೇಳಬೇಕು, ಒಂದು ಕೈ ಇನ್ನೊಂದನ್ನು ನುಂಗಬಾರದು. ಮನೆಯೊಳಗೆ ಎಂದೂ ನೋಡಲು ಬಿಡುತ್ತಿರಲಿಲ್ಲ. ಪರಸಿ ಗೋಡೆ ಸುಳ್ಳು ಹೇಳುತ್ತದೆ, ಇಲ್ಲದ ಹಲ್ಲು ಕೊಡುತ್ತದೆ, ಬಯಲಿಗೆ ಒಯ್ದ ಮೇಲೆ ಬಾಯಿ ಬೋಳು ಎನ್ನುತ್ತಿದ್ದಳು. ಇವನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ಸೌದೆ ಒಲೆಯ ಮುಂದೆ ಕೂತು ಕೇಳಿ ಕೇಳಿ ಬಂದದ್ದು. ಹೆಂಗಸು ಬಂದು ಮಷೀನ್ ಮುಟ್ಟಿದರೆ ನಗುತ್ತಾರೆಂದು ಗಂಡ ಹೆಂಡತಿ ಒಂದು ಉಪಾಯ ಮಾಡಿಕೊಂಡಿದ್ದರು. ಅವ್ವ ಹೆಂಗಸರ ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದಳು. ಸೆರಗು ತಲೆಯ ಮೇಲೆ ಬಂದರೆ ಹಲ್ಲು ಕಡಿಮೆ ಮಾಡಬೇಕು. ನಡುವಿಗೆ ಸಿಕ್ಕಿಸಿದರೆ ಹೊಟ್ಟಿ ಕಡಿಮೆ. ಹೆಗಲ ಮೇಲೆ ಸುಮ್ಮನೆ ಬಿಟ್ಟರೆ ಸರಿ ಇದೆ. ಅಪ್ಪ ದೂರದಿಂದ ಹೆಂಡತಿಯನ್ನು ನೋಡುತ್ತ ಗುಂಡಿ ತಿರುಗಿಸುತ್ತಿದ್ದ. ನೋಡಿದವರು, ಇಷ್ಟು ವರ್ಷವಾದರೂ ಹೆಂಡತಿಯ ಮೇಲಿನ ಕಣ್ಣು ತೆಗೆಯುವುದಿಲ್ಲ ನೋಡು ಎನ್ನುತ್ತಿದ್ದರು. ಅನ್ನಲಿ ಎಂದು ಬಿಟ್ಟಿದ್ದರು.

ಒಂದು ಶ್ರಾವಣದಲ್ಲಿ ಚಿತ್ತಾಪುರದ ಕಡೆಯ ಒಂದು ಮಠದಲ್ಲಿ ತಿಂಗಳ ಪುರಾಣಕ್ಕೆ ನಮ್ಮ ಸೆಟ್ ಹೇಳಿದರು. ತಿಂಗಳಿಡೀ ಒಂದೇ ಕಡೆ ಕೆಲಸ ಸಿಗುವುದೆಂದರೆ ಸಣ್ಣ ಮಾತಲ್ಲ. ಪುರಾಣವೆಂದರೆ ಮಾತು, ಹಾಡಾದರೆ ಹ್ಯಾಗೋ ನಡೆಯುತ್ತದೆ, ಮಾತಿಗೆ ಹಲ್ಲು ಬೇಕೇ ಬೇಕು. ನಾವೆಲ್ಲ ಹೋಗಿ ಮಠದ ಹಿಂದಿನ ಕೋಣೆಯಲ್ಲೇ ಇದ್ದೆವು. ಹೊರಗೆ ಜಿಟಿಜಿಟಿ ಮಳೆ, ಒಳಗೆ ವಿಭೂತಿ, ಒದ್ದೆ ಕಂಬಳಿ, ಹುಗ್ಗಿಯ ವಾಸನೆ. ಮೊದಮೊದಲು ಎಲ್ಲ ಚೆನ್ನಾಗಿ ನಡೆಯಿತು. ಒಂದು ಸಂಜೆ, ಪುರಾಣ ಶುರುವಾಗಿ ಸ್ವಲ್ಪ ಹೊತ್ತಿಗೆ, ವಾಡಿಯಲ್ಲಿದ್ದ ನಮ್ಮ ದೊಡ್ಡಪ್ಪ ಹೇಳದೆ ಕೇಳದೆ ಬಂದು ಗಂಡಸರ ಸಾಲಿನಲ್ಲಿ, ಅವ್ವನಿಗೆ ನೇರ ಎದುರಿಗೆ ಕೂತ. ಗಂಡನ ಅಣ್ಣನ ಮುಂದೆ ಹೆಂಗಸು ಬರಿ ತಲೆಯಲ್ಲಿ ಕೂಡುವ ಹಾಗಿಲ್ಲ. ಅವ್ವನ ಕೈ ತಾನಾಗಿಯೇ ಮೇಲೆ ಹೋಯಿತು. ಸೆರಗು ತಲೆಗೆ ಬಂತು.

ಅಪ್ಪ ನೋಡಿದ. ಹಲ್ಲು ಕಡಿಮೆ ಮಾಡಿದ. ಅಣ್ಣ ಬಂದದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ, ಅವನ ಕಣ್ಣು ಸೆರಗಿನ ಮೇಲೆಯೇ ಇತ್ತು. ಅವ್ವ ತಲೆ ಅಲ್ಲಾಡಿಸಿದಳು. ಇನ್ನೂ ಸಾಲದು ಅಂದುಕೊಂಡು ಇನ್ನಷ್ಟು ಕಡಿಮೆ ಮಾಡಿದ. ಸ್ವಾಮಿಗಳ ಮಾತು ಕಾಳು ತುಂಬುವ ಹಗೇವಿನೊಳಗೆ ಕೂತು ಆಡಿದ ಹಾಗಾಯಿತು. ನಾನು ಅವ್ವನ ಮಗ್ಗುಲಲ್ಲಿ ಕೂತು ತುದಿಗಾಲಿನ ಮೇಲೆ ಎದ್ದೆ, ಕೂತೆ, ಮತ್ತೆ ಎದ್ದೆ. ಸೆರಗು ಹಿಡಿದು ಎಳೆದೆ. ಅವ್ವ ನನ್ನ ಕೈಗೆ ಹೊಡೆದಳು. ಅಪ್ಪ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ ಅವ್ವನನ್ನೇ ನೋಡುತ್ತಿದ್ದ, ಬೆವರುತ್ತಿದ್ದ.

ಜನ ಎಷ್ಟಂತ ತಡೆದಾರು? "ಏ ಮೈಕ್‌ಸೆಟ್ಟಿನಾಂವ, ಅಪ್ಪಾವ್ರ ಬಾಯಾಗ ಅರಿವಿ ತುರುಕೀಯೇನ್ಲೇ?" ಎಂದು ಒಬ್ಬ ಕೂಗಿದ. ಸ್ವಾಮಿಗಳು ನಿಲ್ಲಿಸಿದರು. ಮಠದ ಹಿರಿಯ ಎದ್ದು ನಿಂತು, "ನಾಳಿಂದ ಬ್ಯಾರೆ ಸೆಟ್ ತರಸ್ತೀವಪ್ಪ. ನೀ ನಿಂದು ಕಟ್ಕೋ" ಅಂದ. ಆಗಲೇ ವೈರು ಸುತ್ತುವ ಕೆಲಸ ಇರಲಿಲ್ಲ, ಆದರೂ ಅಪ್ಪ ಮಿಕ್ಕ ವೈರು ಸುತ್ತತೊಡಗಿದ.

ಅವ್ವ ಎದ್ದಳು. ಗಂಡಸರ ಸಾಲು ದಾಟುವಾಗ ಸೆರಗು ಜಾರಿತು, ಮತ್ತೆ ಹೊದೆಯಲಿಲ್ಲ. ಭಾವನ ಮುಂದೆಯೇ ಹೋಗಿ ಅಪ್ಪನನ್ನು ಸರಿಸಿ ಗುಂಡಿ ತಿರುಗಿಸಿದಳು. "ಈಗ ಮಾತಾಡ್ರಿ ಅಪ್ಪಾವ್ರೇ" ಎಂದು ಸ್ವಾಮಿಗಳಿಗೆ ಅಂದಳು. ಅವರು "ಶರಣು" ಅಂದರು. ಶ ಎನ್ನುವ ಅಕ್ಷರ ಹೊಸ ಬಟ್ಟೆ ಹರಿದ ಹಾಗೆ ಸ್ವಚ್ಛವಾಗಿ ಬಂತು. ಎಲ್ಲರಿಗೂ ಎಲ್ಲ ತಿಳಿಯಿತು. "ಕಿವಿ ಆಕಿದು, ಕೂಲಿ ಇವಂದು!" ಎಂದು ಹಿಂದಿನಿಂದ ಯಾರೋ ಅಂದ, ಸಭೆಯೆಲ್ಲ ನಕ್ಕಿತು. ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟ.

ಊಟವಾದ ಮೇಲೆ ಅವ್ವ ಹೇಳಿದಳು: "ಸೆರಗು ತಗದ್ರ ಭಾವಗ ಸಿಟ್ಟು, ತಗೀಲಿಲ್ಲಂದ್ರ ನಿಮ್ಮ ಹೆಸರು ಹೋಗ್ತಿತ್ತು. ನಾ ಏನ್ ಮಾಡ್ಬೇಕಿತ್ತು ಹೇಳ್ರಿ."

"ಹೋತಲ್ಲ ಹೆಸರು" ಅಂದ ಅಪ್ಪ.

"ಸೆಟ್ ಉಳೀತು."

"ಹೂಂ. ಉಳೀತು."

ಉಳಿಯಿತು ನಿಜ. ಮಠದವರು, ತಾಯಿ ಮಷೀನಿನ ಹತ್ತಿರ ಕೂಡುವುದಾದರೆ ಇದೇ ಸೆಟ್ ಇರಲಿ ಅಂದರು. ತಿಂಗಳು ಮುಗಿಯಿತು, ಮುಂದಿನ ಮದುವೆಗಳೂ ಬಂದವು. ಎಲ್ಲ ಕಡೆ ಅವ್ವನೇ ಗುಂಡಿಯ ಹತ್ತಿರ ಕೂತಳು. ಅಪ್ಪ ಭೋಂಗಾ ಕಟ್ಟುತ್ತಿದ್ದ, ಡಬ್ಬಿ ಹೊರುತ್ತಿದ್ದ, ಮಷೀನಿಗೆ ಕೈ ಹಚ್ಚುತ್ತಿರಲಿಲ್ಲ. ದೊಡ್ಡಪ್ಪ ನಮ್ಮ ಹೊಸ್ತಿಲು ತುಳಿದದ್ದು ಅವ್ವ ಸತ್ತಾಗಲೇ. ಆ ದಿನ ಭಜನೆಗೆ ಸೆಟ್ ಹಚ್ಚಲಿಲ್ಲ. ಹಚ್ಚುವವರು ಯಾರು? ಆಮೇಲೆ ಸೆಟ್ ಮಾರಿದರು, ಮನೆ ಬಿಚ್ಚಿದರು, ಪರಸಿಯನ್ನು ಯಾರು ಯಾರೋ ಒಯ್ದರು. ನಿಮ್ಮಲ್ಲೂ ಹೀಗೆ ಬಿಚ್ಚಿ ಒಯ್ದ ಮನೆ ಇರುತ್ತದೆ, ಹೆಚ್ಚು ಹೇಳುವುದಿಲ್ಲ.

ಅಪ್ಪನನ್ನು ಸೇಡಂಗೆ ನನ್ನ ಮನೆಗೆ ಕರೆತಂದೆ. ಒಂದು ರೇಡಿಯೊ ಕೊಡಿಸಿದೆವು. ಅದಕ್ಕೂ ದನಿ ದಪ್ಪ ತೆಳು ಮಾಡುವ ಒಂದು ಗುಂಡಿ ಇತ್ತು. ಇಷ್ಟು ವರ್ಷ ಮುಟ್ಟದವನು ದಿನವೆಲ್ಲ ಅದನ್ನೇ ತಿರುಗಿಸುತ್ತಿದ್ದ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಎಲ್ಲೂ ನಿಲ್ಲಿಸುತ್ತಿರಲಿಲ್ಲ. ಅಡುಗೆಮನೆಯಿಂದ ಕೇಳಿಸಿಕೊಂಡು ಎದುರಿಗೆ ಬಂದು, "ಅಪ್ಪಾ, ಸರಿ ಅದ, ಬಿಡು" ಎನ್ನುತ್ತಿದ್ದೆ. ಸರಿಯಾಗಿಯೇ ಇರುತ್ತಿತ್ತು, ಅವ್ವ ಕಲಿಸಿದ ಕಿವಿ ನನ್ನದು. ಅವನು ಒಂದು ಸಲ ನನ್ನ ಮುಖ, ಒಂದು ಸಲ ನನ್ನ ಸೆರಗು ನೋಡುತ್ತಿದ್ದ, "ಹೌದೇನವ್ವಾ" ಎನ್ನುತ್ತಿದ್ದ, ಮತ್ತೆ ತಿರುಗಿಸುತ್ತಿದ್ದ.