ಚಿಗವ್ವನ ಊಟದ ಇಂಗ್ಲಿಷ್

ಇವತ್ತು ಬೆಳಿಗ್ಗೆ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಘಮ ಎದ್ದಿತೋ ಇಲ್ಲವೋ, ನನ್ನ ಕೈ ತಾನಾಗಿ ಹೋಗಿ ಅಡುಗೆಮನೆಯ ಬಾಗಿಲು ಹಾಕಿತು. ಕೂಡ್ಲಿಗಿಯ ಈ ಬಾಡಿಗೆ ಮನೆಯಲ್ಲಿ ಯಾರಿಂದಲೂ ವಾಸನೆ ಮುಚ್ಚಿಡಬೇಕಾಗಿಲ್ಲ. ಆದರೆ ಕೈಗೆ ಅದು ತಿಳಿಯಬೇಕಲ್ಲ. ಹಂಪಸಾಗರದ ಮನೆಯಲ್ಲಿ ಎಷ್ಟೋ ತಿಂಗಳು ಹೀಗೆ ಬಾಗಿಲು ಹಾಕಿಕೊಂಡೇ ಅಡುಗೆ ಮಾಡಿದ್ದೇನೆ. ಆಚೆ ಕೋಣೆಯಲ್ಲಿ ಚಿಗವ್ವ ಮಲಗಿರುತ್ತಿದ್ದಳು.

ಚಿಗವ್ವ ನನ್ನ ತಾಯಿಯ ತಂಗಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಮಕ್ಕಳಿರಲಿಲ್ಲ. ಅವಳ ಗಂಡ, ನಮ್ಮ ಕಾಕಾ, ಕುರಿಗಳ ಹಿಂದೆ ತಿರುಗುವ ಮನುಷ್ಯ, ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಚಿಗವ್ವನೇ ಆಡಬೇಕು. ಆಡುತ್ತಿದ್ದಳು, ದವಡೆಯಲ್ಲಿ ಎಲೆಯಡಿಕೆ ತಂಬಾಕು ಒತ್ತಿಟ್ಟುಕೊಂಡೇ. “ಊಟ ಬಲ್ಲವಗ ರೋಗಿಲ್ಲ, ಮಾತು ಬಲ್ಲವಗ ಜಗಳಿಲ್ಲ. ನನಗ ಎರಡೂ ಬರ್ತಾವ ನೋಡು” ಎಂದು ಜಂಬ ಬೇರೆ.

ಆ ದವಡೆಯಲ್ಲೇ ಹುಣ್ಣಾಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅರ್ಧ ದವಡೆ, ನಾಲಿಗೆಯ ಒಂದು ಬದಿ ತೆಗೆದರು. ಬಾಯಿಂದ ಊಟ ನಿಲ್ಲಿಸಿ, ಮೂಗಿನಿಂದ ಹೊಟ್ಟೆಗೆ ಒಂದು ಪೈಪು ಇಳಿಸಿದರು. ನಾಲಿಗೆ ಆಡಿಸುತ್ತಿರಬೇಕು, ದಿನಾ ಗಟ್ಟಿಯಾಗಿ ಮಾತಾಡಿಸಿ ಎಂದು ಹೇಳಿ ಕಳಿಸಿದರು. ಆದರೆ ನೋಡಲು ಬಂದ ಹೆಂಗಸೊಬ್ಬಳು “ಏನಂದಿ? ಏನಂದಿ?” ಎಂದು ಕೇಳಿ ಕೇಳಿ, ಸಾಕಾಗಿ, ಅವಳ ಕಡೆ ಬೆನ್ನು ಮಾಡಿ ಕಾಕಾನನ್ನೇ ಕೇಳತೊಡಗಿದಳು. ಅವತ್ತಿನಿಂದ ಚಿಗವ್ವ ಸನ್ನೆಗೆ ಇಳಿದುಬಿಟ್ಟಳು.

ನಾನಾಗ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ. ಗೈಡಿನಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಪಾಠ. ಅದರಲ್ಲಿ ಊಟ-ತಿಂಡಿಯವೇ ಒಂದು ರಾಶಿ. ನನ್ನ ಇಂಗ್ಲಿಷೋ, ದೇವರಿಗೇ ಪ್ರೀತಿ. ಅಡುಗೆಯವರು ಹೆಚ್ಚಾದರೆ ಬ್ರಾಥ್ ಕೆಡುತ್ತದೆ ಎಂದಿತ್ತು. ಬ್ರಾಥ್ ಅಂದರೆ ನಮ್ಮ ಕಟ್ಟಿನ ಸಾರೇ ಇರಬೇಕೆಂದು ತೀರ್ಪು ಕೊಟ್ಟುಕೊಂಡು ಮುಂದೆ ಹೋದವಳು ನಾನು. ಒಂದು ಮಧ್ಯಾಹ್ನ “ಪೀಸ್ ಆಫ್ ಕೇಕ್, ಪೀಸ್ ಆಫ್ ಕೇಕ್” ಎಂದು ಉರು ಹೊಡೆಯುತ್ತಿದ್ದೆ. ಹಾಸಿಗೆಯಿಂದ ದನಿ ಬಂತು: “ಪೀಛಾಪ್ ಕೇಕು.”

ತಿರುಗಿ ನೋಡಿದೆ. ಎಷ್ಟೋ ದಿನಗಳ ಮೇಲೆ ಅವಳ ದನಿ ಕೇಳಿದ್ದು.

“ಹಂಗಂದ್ರೇನು?” ಎಂದಳು.

“ಭಾಳ ಸಲೀಸು ಕೆಲಸ ಅಂತ, ಚಿಗವ್ವ.”

“ಇನ್ನೊಂದು ಹೇಳು.”

ಕನ್ನಡ ಆಡದವಳಿಗೆ ಇದ್ಯಾಕೆ ಎಂದು ಕೇಳಿದೆ. ತಡೆತಡೆದು ಹೇಳಿದಳು: “ಕನ್ನಡ ತೊದಲಿದ್ರ ನಾಚಿಕಿ ಆಗ್ತೈತಿ. ಇಂಗ್ಲೀಷು ನನಗ ಮೊದಲ ಬರಲ್ಲ. ತೊದಲಿದ್ರ ಯಾರಿಗೆ ಗೊತ್ತಾಗ್ತೈತಿ?”

ಹೀಗೆ ಶುರುವಾಯಿತು. ಕೆಳಗೆ ಚೆಲ್ಲಿದ ಹಾಲಿಗೆ ಅಳಬಾರದು ಎಂಬುದನ್ನು ಒಪ್ಪಿದಳು. ತಾನಾಡಿದ ಮಾತನ್ನು ತಾನೇ ತಿನ್ನುವುದು ಎಂಬುದನ್ನು ಕೇಳಿ, “ಅವ್ರು ಮಾತು ಸೈತ ತಿಂತಾರನು?” ಎಂದು ನಕ್ಕಳು. ನಕ್ಕರೆ ಮುಖದ ಒಂದೇ ಬದಿ ಅರಳುತ್ತಿತ್ತು. ಇನ್ನೊಂದು ಬದಿಯಿಂದ ಇಳಿಯುವ ಜೊಲ್ಲನ್ನು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದಳು.

ಅವಳಿಗೆ ಸಂಕಟವಾಗಬಾರದೆಂದು ನಾನೂ ಕಾಕಾನೂ ಹಿತ್ತಲಲ್ಲಿ, ಕುರಿಹಟ್ಟಿಯ ಮರೆಯಲ್ಲಿ ಕೂತು ಉಣ್ಣುತ್ತಿದ್ದೆವು, ಕಳ್ಳರ ಹಾಗೆ. ಒಂದು ದಿನ ಗೋಡೆ ಹಿಡಿದುಕೊಂಡು ಅಲ್ಲಿಗೇ ಬಂದು ನಿಂತಳು. ಅವತ್ತು ಇಂಗ್ಲಿಷ್ ಇಲ್ಲ.

“ನಾನಿನ್ನೂ ಅದೀನಿ. ನನ್ನ ಮುಂದ ಕುಂತು ಉಣ್ರಿ.”

ಕಾಕಾನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ಅವಳ ಮುಂದೆಯೇ ಉಂಡೆವು. ಉಣ್ಣುವಷ್ಟು ಹೊತ್ತು ಅವಳು ಸೂರು ನೋಡುತ್ತಿದ್ದಳು.

ಪೈಪಿಗೆ ಗಂಜಿ ಹಾಕುವ ಕೆಲಸ ಕಾಕಾನದು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಸಿರಿಂಜಿಗೆ ತುಂಬಿ, ಮೆಲ್ಲಗೆ ಬಿಡುತ್ತ “ಸಾಕನು? ಇನ್ನೊಂಚೂರು?” ಎಂದು ಕೇಳುತ್ತಿದ್ದ. ಬಡಿಸುವವರು ಕೇಳುವ ಹಾಗೆ.

ಬೇಸಿಗೆಗೆ ಕೊರಳಲ್ಲಿ ಗಂಟು ಕಾಣಿಸಿತು. ದಾವಣಗೆರೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ನೋವಿಗೆ ಚಿಗವ್ವ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಪಾಠ ನಿಂತಿತು. ಒಂದು ಬೆಳಿಗ್ಗೆ ಕಾಕಾ ಸಿರಿಂಜು ಹಿಡಿದು ಬಗ್ಗಿದಾಗ, ಅವನ ಮಣಿಕಟ್ಟು ಹಿಡಿದು ದೂರ ಸರಿಸಿ ಎರಡು ಮಾತು ಅಂದಳು: “ಫೆಡ್ ಅಪ್.”

ಅದೂ ಅದೇ ಪಾಠದ್ದು. ಫೆಡ್ ಅಂದರೆ ಉಣಿಸಿದ್ದು. ಜೊತೆಗೆ ಅಪ್ ಸೇರಿದರೆ ಜೀವ ಬೇಸತ್ತಿದೆ, ಇನ್ನು ಸಾಕು ಎಂದು. ಬಿಡಿಸಿ ಹೇಳಿಕೊಟ್ಟವಳು ನಾನೇ. ಕಾಕಾ ನನ್ನ ಮುಖ ನೋಡಿದ. ಅರ್ಥ ಹೇಳದೆ ಗಂಜಿಯ ಬಟ್ಟಲು ಎತ್ತಿಕೊಂಡು ಹೊರಗೆ ಹೋದೆ. ಮತ್ತೆ ಅವಳು ಪೈಪು ಮುಟ್ಟಗೊಡಲಿಲ್ಲ. ಆ ವಾರವೇ ಹೋದಳು.

ಪರೀಕ್ಷೆ ಪಾಸಾಗಿ ನಾನು ಇಂಗ್ಲಿಷ್ ಮೇಡಂ ಆದೆ. ಮಕ್ಕಳಿಗೆ ಅದೇ ನುಡಿಗಟ್ಟುಗಳನ್ನು ಕಲಿಸುತ್ತೇನೆ.

ಇವತ್ತು ಮಧ್ಯಾಹ್ನ ಕಾಕಾ ಊಟಕ್ಕೆ ಬಂದಿದ್ದ. ಮೊದಲ ರೊಟ್ಟಿ ಮುಗಿಸಿ, ತಾಟು ನೋಡುತ್ತಲೇ ಕೇಳಿದ.

“ಅವತ್ತು ಆಕಿ ನನಗ ಇಂಗ್ಲೀಷ್ನ್ಯಾಗ ಅಂದ್ಲಲ್ಲ, ಫೆಡ್ ಅಂತ. ಫೆಡ್ ಅಂದ್ರ ಉಣಿಸೋದು ಅಂತ ನೀನು ಹೇಳಿಕೊಡಾದು ಕೇಳಿದ್ದೆ. ಹೊಟ್ಟಿ ತುಂಬೈತಿ ಅಂದ್ಲು, ಹೌದಲ್ಲ?”

ಅವನ ತಾಟಿಗೆ ಚಟ್ನಿಪುಡಿ ಹಾಕಿದೆ.

“ಇಷ್ಟು ವರ್ಷ ಹಂಗ ತಿಳ್ಕೊಂಡೀನವ್ವ. ಬಾಯಿಲೆ ಉಣ್ಣದಿದ್ರೂ, ನನ್ನ ಕೈಯಾಗ ಹೊಟ್ಟಿ ತುಂಬ್ಕೊಂಡು ಹೋದ್ಲು ಅಂತ.”

ತರಗತಿಯಲ್ಲಿ ಯಾರಾದರೂ ಹೀಗೆ ಅರ್ಥ ಬರೆದರೆ ಕೆಂಪು ಗೀಟು ಎಳೆಯುತ್ತೇನೆ.

“ಹೌದು ಕಾಕಾ,” ಎಂದೆ. “ಹೊಟ್ಟಿ ತುಂಬೈತಿ ಅಂತನ ಅಂದದ್ದು.”

ತಲೆಯಾಡಿಸಿದ. ತಾಟು ಮುಂದೆ ಸರಿಸಿದ.

“ಹಂಗಾದ್ರ ಇನ್ನರ್ಧ ರೊಟ್ಟಿ ಹಾಕು.”

ಅರ್ಧ ಮುರಿಯಲಾಗಲಿಲ್ಲ, ಇಡೀ ರೊಟ್ಟಿಯನ್ನೇ ಹಾಕಿದೆ.