ಅಂತೋಣಿಯಮ್ಮ ನಂಬಿದ ನನ್ನ ಮಾತು

ಬನ್ನಿಮಂಟಪದ ನಮ್ಮ ಬೀದಿಯ ಅಂತೋಣಿಯಮ್ಮ ಇಪ್ಪತ್ತೆಂಟು ವರ್ಷದಿಂದ ಒಂದೇ ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರಿನಲ್ಲಿ ಆಯಾ. ನೆಲ ಒರೆಸುವುದಷ್ಟೇ ಅವಳ ಕೆಲಸ ಎಂದು ನಾನೂ ಅಂದುಕೊಂಡಿದ್ದೆ. ಅಲ್ಲ. ಅರಿವಳಿಕೆ ಕೊಟ್ಟ ಮೇಲೆ ರೋಗಿಯ ಮೊಣಕೈ ಕೆಳಗೆ ಹತ್ತಿ ಇಡುವುದು, ಮಂಡಿ ಕೆಳಗೆ ದಿಂಬು ಕೊಡುವುದು, ಕೈ ಚಾಚಿಸಿಡುವ ಹಲಗೆಯಿಂದ ತೋಳು ಜಾರದಂತೆ ನೋಡುವುದು, ಎಲ್ಲಕ್ಕೂ ಡಾಕ್ಟರ ಜೊತೆ ಅವಳ ಕೈ ಬೇಕು. ಎಚ್ಚರವಿದ್ದವರು ಕೈ ಜೋಮು ಹಿಡಿದರೆ ಹೊರಳಿಕೊಳ್ಳುತ್ತಾರೆ, ಮಲಗಿದವರ ನರ ಒತ್ತಿದರೆ ಹೇಳುವವರು ಯಾರು ಅನ್ನುತ್ತಾಳೆ.

ಹೋದ ವರ್ಷ ನನ್ನ ಪಿತ್ತಕೋಶದ ಕಲ್ಲಿಗೆ ಅಲ್ಲೇ ಆಪರೇಷನ್ ಆಯಿತು. ನಾನು ನಲವತ್ತು ವರ್ಷದಿಂದ ಊದುಬತ್ತಿ ಹೊಸೆಯುವವಳು; ಬಲಗೈಯೇ ನನ್ನ ಅನ್ನ. ಬಳೆ, ಓಲೆ ಎಲ್ಲ ಬಿಚ್ಚಿಸಿದರು. ಯಜಮಾನರು ಬದುಕಿದ್ದಾಗ ಕಟ್ಟಿಸಿದ ತಾಮ್ರದ ತಾಯತ ಮಾತ್ರ ಬಲತೋಳಿನಲ್ಲಿತ್ತು. ಅದಿಲ್ಲದೆ ಒಳಗೆ ಹೋಗಲು ಧೈರ್ಯ ಬರಲಿಲ್ಲ. ಗೌನಿನ ತೋಳೊಳಗೆ ಮೇಲಕ್ಕೆ ತಳ್ಳಿಕೊಂಡೆ. ನರ್ಸೂ ಕೇಳಿದಳು, ಅಂತೋಣಿಯಮ್ಮನೂ ಕೇಳಿದಳು. ಎಲ್ಲ ತೆಗೆದಿದ್ದೀನಿ ಅಂದೆ. ಪಕ್ಕದ ಮನೆಯವಳೆಂದು ಅವಳು ನಂಬಿದಳು.

ಎಚ್ಚರವಾದ ಮೇಲೆ, ಎಲ್ಲರಿಗೂ ಹೇಳುವಂತೆ, ಮಣಿಕಟ್ಟು ಎತ್ತಿ ಎಂದಳು. ಎಡಗೈ ಎದ್ದಿತು. ಬಲಗೈ ಜೋತುಬಿತ್ತು. ಮಂಪರು ಇರಬೇಕು ಎಂದು ನಾನು ಮುಖ ತಿರುಗಿಸಿದೆ. ಅವಳು ಬಿಡದೆ ತೋಳು ಸವರಿದಳು. ತಾಯತ ಸಿಕ್ಕಿತು, ಅದರ ಕೆಳಗೆ ಕೆಂಪನೆ ಗುರುತು.

"ಸುಳ್ಳು ಹೇಳ್ಬುಟ್ರಲ್ಲ ದೇವಿರಕ್ಕ."

"ಅವ್ರು ಕಟ್ಸಿದ್ದು ಕಣಮ್ಮ."

"ನಂಗೆ ಕೊಟ್ಟಿದ್ರೆ ಜೇಬಲ್ಲಿ ಇಟ್ಕೊಂಡು ನಿಮ್ ಪಕ್ದಲ್ಲೇ ನಿಂತಿರ್ತಿದ್ದೆ."

ಅರಿವಳಿಕೆ ಕೊಟ್ಟ ಡಾಕ್ಟರ್ ಗಾರ್ಗಿಯವರನ್ನು ಕೂಡಲೇ ಕರೆತಂದಳು. ನಾನು ಮುಚ್ಚಿಟ್ಟೆ ಎಂದು ದೂರುತ್ತಾಳೆ ಅಂದುಕೊಂಡೆ. ಅವಳು ಅಂದದ್ದು, "ಬಾಯಲ್ಲಿ ಕೇಳಿ ಬುಟ್ಬುಟ್ಟೆ ಮೇಡಂ, ಮುಟ್ಟಿ ನೋಡ್ಲಿಲ್ಲ." ಡಾಕ್ಟರು ಬೆರಳು ಒಂದೊಂದನ್ನೇ ಪರೀಕ್ಷಿಸಿ, ತೋಳಿಗೂ ಹಲಗೆಗೂ ನಡುವೆ ತಾಯತ ಸಿಕ್ಕಿಕೊಂಡು ನರ ಒತ್ತಿಹೋಗಿದೆ, ಬೇಗ ಗೊತ್ತಾಯಿತು, ಸರಿಹೋಗುತ್ತದೆ ಎಂದರು. ಮಣಿಕಟ್ಟಿಗೆ ಆಸರೆಯ ಪಟ್ಟಿ ಹಾಕಿ ಫಿಸಿಯೋಥೆರಪಿಗೆ ಬರೆದರು.

ಅಂದಿನಿಂದ ಅಂತೋಣಿಯಮ್ಮ ಯಾರ ಬಾಯಿಮಾತೂ ನಂಬುವುದಿಲ್ಲ. ಮಣಿಕಟ್ಟಿನಿಂದ ಭುಜದವರೆಗೆ ತಾನೇ ಸವರಿ ನೋಡುತ್ತಾಳೆ. ಮೊನ್ನೆ ಒಬ್ಬ ವಕೀಲರ ತೋಳಲ್ಲಿ ಮೂರು ತಾಯತ ಸಿಕ್ಕಿದವಂತೆ.

ನನಗೆ ಆರು ವಾರ, ಡ್ಯೂಟಿ ಮುಗಿಸಿ ಬಂದು, ಬೇಡವೆಂದರೂ ವ್ಯಾಯಾಮ ಮಾಡಿಸಿದಳು. ಏಳನೇ ವಾರ ಮಣಿಕಟ್ಟು ತಾನಾಗಿ ಎದ್ದಿತು. ಅವತ್ತೇ ಮಸಾಲೆ ಕಲಸಿ ಹತ್ತು ಕಡ್ಡಿ ಹೊಸೆದೆ. ಎಲ್ಲವೂ ದಪ್ಪ, ಸೊಟ್ಟ.

"ಇವನ್ನ ದೇವ್ರ ಮುಂದೆ ಹಚ್ಬೇಡಿ, ಬೈಕೊಳ್ತಾನೆ," ಅಂದಳು.

ನಾನು ಹನ್ನೊಂದನೆಯದಕ್ಕೆ ಕೈ ಹಾಕಿದೆ.