ಸ್ಟೆಲ್ಲಾಳ ತಾಯಿಗೆ ತಲುಪದ ಪ್ರಸಾದ

ಸ್ಟೆಲ್ಲಾ, ಕಡೆಯ ದಿನ ನಿನ್ನ ತಾಯಿಗೆ ನಾನೇ ಪರಮಪ್ರಸಾದ ಕೊಟ್ಟೆ ಎಂದಿದ್ದೆನಲ್ಲ — ಸುಳ್ಳು. ಅವತ್ತು ಬೆಳಗ್ಗೆ ನಾನು ನಿಮ್ಮ ಮನೆಗೆ ಬರಲೇ ಇಲ್ಲ. ಆರು ವರ್ಷದಿಂದ ಈ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೂರನೆಯ ಶುಕ್ರವಾರ ಅದು. ಚರ್ಚಿಗೆ ನಡೆದು ಬರಲಾರದ ಮುದುಕರ ಮನೆಗೆ ಪ್ರಸಾದ ಒಯ್ಯುವ ಸೇವೆಯನ್ನು ಫಾದರ್ ನನಗೆ ವಹಿಸಿದ್ದರು. ಬೆಳಗಿನ ಪೂಜೆ ಮುಗಿದ ಮೇಲೆ ಪುಟ್ಟ ಡಬ್ಬಿಯಲ್ಲಿ ಒಂದೇ ಒಂದು ಪವಿತ್ರ ರೊಟ್ಟಿ ಇಟ್ಟುಕೊಟ್ಟು, ನೇರವಾಗಿ ಕೋರಮಂಡಲ್‌ಗೆ, ಆರೋಗ್ಯಮ್ಮನ ಮನೆಗೆ ಹೋಗು ಎಂದರು. ನಿನ್ನ ತಾಯಿಯ ಪದ್ಧತಿ ನನಗೆ ಗೊತ್ತಿತ್ತು. ಕಾಯಿಲೆಯವರಿಗೆ ಉಪವಾಸ ಬೇಡ ಎಂದು ಫಾದರ್ ಎಷ್ಟು ಹೇಳಿದರೂ, ಅವರು ಹಳೆಯ ಕಾಲದಂತೆ ಪ್ರಸಾದ ನಾಲಿಗೆಗೆ ತಾಕುವ ತನಕ ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬೇರೆ. ನಾನು ಎಂಟಕ್ಕೆ ಹೋದರೆ ಎಂಟೂವರೆಗೆ ಗಂಜಿ, ಮಾತ್ರೆ. ಗೊತ್ತಿತ್ತು — ಗೊತ್ತಿಲ್ಲದೆ ಆದದ್ದಲ್ಲ.

ಚರ್ಚಿನ ಗೇಟಿನ ಹತ್ತಿರ ನಾಲ್ಕು ಜನ ತಡೆದರು. ಚಿನ್ನದ ಗಣಿಯ ಸಯನೈಡ್ ದಿಬ್ಬದ ಮೇಲಕ್ಕೆ ಶಿಲುಬೆಯ ಹಾದಿ ಹೊರಡಬೇಕು, ಶಿಲುಬೆ ಹೊರುವವನಿಗೆ ಜ್ವರ, ನೀನು ಹೊರುತ್ತೀಯಾ ಎಂದರು. ಎಷ್ಟು ವರ್ಷದಿಂದ ಆ ಮಾತಿಗೆ ಕಾದಿದ್ದೆನೋ, ಅಂಥ ದೊಡ್ಡ ಭಕ್ತ ನಾನು! ಒಂದು ಗಂಟೆ ತಡವಾದರೆ ಏನು ಮಹಾ ಅಂದುಕೊಂಡೆ... ಯೇಸುವಿನ ಯಾತನೆ ನೆನೆಯುವ ಹದಿನಾಲ್ಕು ಸ್ಥಳಗಳಲ್ಲೂ ಮಂಡಿಯೂರಿದೆ. ಜನರ ಮುಂದೆ ಕಣ್ಣೀರೂ ಹಾಕಿದೆ. ಪ್ರಭು ಆ ಡಬ್ಬಿಯೊಳಗೆ ನನ್ನ ಅಂಗಿಯ ಜೇಬಿನಲ್ಲೇ ಇದ್ದರು — ಮೂರನೆಯ ಸ್ಥಳದ ಹೊತ್ತಿಗೆ ಮರೆತೇಬಿಟ್ಟಿದ್ದೆ. ಇಳಿದ ಮೇಲೆ ಎಲ್ಲರಿಗೂ ಗಂಜಿ ಬಡಿಸಿದೆ, ಹೊಗಳಿಸಿಕೊಂಡೆ, ಮನೆಗೆ ಹೋಗಿ ಮಲಗಿಬಿಟ್ಟೆ.

ಬೆಚ್ಚಿ ಎದ್ದು ಓಡಿಬಂದಾಗ ಸಂಜೆಯಾಗಿತ್ತು. ನೀನು ಬಂಗಾರಪೇಟೆಯ ಕೆಲಸ ಮುಗಿಸಿ ಆಗಲೇ ಬಂದಿದ್ದೆ. ಅಕ್ಕಪಕ್ಕದವರೆಲ್ಲ ಒಳಗಿದ್ದರು. ಆರೋಗ್ಯಮ್ಮ ಬಾಗಿಲ ಕಡೆ ಮುಖಮಾಡಿ ಕುರ್ಚಿಯಲ್ಲೇ ಇದ್ದರು, ತಲೆಯ ಮೇಲೆ ಸೆರಗು. ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಪ್ರಸಾದದ ಹೊತ್ತಿಗೆಂದು ಹಚ್ಚಿದ ಮೇಣದಬತ್ತಿ ಪೂರ್ತಿ ಉರಿದು ತಟ್ಟೆಗೆ ಅಂಟಿತ್ತು. ಪಕ್ಕದಲ್ಲಿ ಮುಚ್ಚಿಟ್ಟ ಗಂಜಿ, ಮುಚ್ಚಳದ ಮೇಲೆ ಮಾತ್ರೆ. ಉರಿದ ಬತ್ತಿ ನೋಡಿ, ನಾನು ಬೆಳಗ್ಗೆಯೇ ಬಂದುಹೋಗಿದ್ದೇನೆಂದು ನೀನು ತಿಳಿದೆ.

"ಅಣ್ಣಾ, ನಮ್ಮಮ್ಮ ಪ್ರಸಾದ ತಗೊಂಡೇ ಹೋದ್ಳು ಅಲ್ವಾ?"

"ತಗೊಂಡ್ರಮ್ಮ. ನಾನೇ ಕೊಟ್ಟೆ."

ಹಾಗೆನ್ನುವಾಗ ಡಬ್ಬಿ ಇನ್ನೂ ಜೇಬಿನಲ್ಲೇ ಇತ್ತು. ಮನೆಗೆ ಹೋಗಿ ಅವರ ಪಾಲಿನ ಪ್ರಸಾದವನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಡಾಕ್ಟರು ಹೃದಯ ನಿಂತಿತು ಎಂದರು. ಇರಬಹುದು. ಎಂಟೂವರೆಗೆ ಆ ಗಂಜಿ ಕುಡಿದಿದ್ದರೆ — ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆ ಬತ್ತಿ ಎಷ್ಟು ಹೊತ್ತು ಉರಿಯಿತೋ, ಯಾರ್ಯಾರ ಹೆಜ್ಜೆ ಸಪ್ಪಳಕ್ಕೆ ಅವರು ಸೆರಗು ಸರಿಮಾಡಿಕೊಂಡರೋ ಎಂದೇ ಯೋಚಿಸುತ್ತಿರುತ್ತೇನೆ. ಬೇರೆ ಊರಿನ ಗುರುಗಳ ಬಳಿ ಪಾಪನಿವೇದನೆ ಮಾಡಿದೆ. ಕ್ಷಮೆ ಕೊಟ್ಟು, ಆ ಮಗಳಿಗೂ ಹೇಳು ಎಂದರು. ಕ್ಷಮೆಯನ್ನಷ್ಟೇ ತೆಗೆದುಕೊಂಡು ಬಂದೆ.

ನೀನೋ — ಪ್ರತಿ ವರ್ಷ ಮೂರನೆಯ ಶುಕ್ರವಾರ ಕೆಲಸಕ್ಕೆ ರಜೆ ಹಾಕಿ, ತಾಯಿಯ ನೆನಪಿಗೆಂದು ನನಗೆ ಗಂಜಿ, ಕಾಯಿ ಚಟ್ನಿ ತರುತ್ತೀಯ. "ನಿಮ್ಮಿಂದ ನಮ್ಮಮ್ಮ ನೆಮ್ಮದಿಯಾಗಿ ಹೋದ್ಳಣ್ಣ" ಎನ್ನುತ್ತೀಯ. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡು ನಿನ್ನೆದುರೇ ಕುಡಿಯುತ್ತೇನೆ. ಥೂ, ಎಂಥ ಮನುಷ್ಯ ನಾನು.

ನಾಳೆ ಮತ್ತೆ ಆ ಶುಕ್ರವಾರ. ಶಿಲುಬೆ ಹೊರಲು ಈ ಸಲವೂ ಕರೆದಿದ್ದರು, ಆಗುವುದಿಲ್ಲ ಎಂದೆ. ನೀನು ಪಾತ್ರೆ ಹಿಡಿದು ಹೊರಡುವ ಮೊದಲೇ ನಿಮ್ಮ ಮನೆಗೆ ಬಂದು ಈ ಕಾಗದ ನಿನ್ನ ಕೈಗಿಡುತ್ತೇನೆ. ನೀನು ಓದಿ ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ. ಒಳಗೆ ಕರೆಯಬೇಡ, ಗಂಜಿ ಕೊಡಬೇಡ. ಎಂಟು ಗಂಟೆಗೆ ಬರುತ್ತೇನೆ ಸ್ಟೆಲ್ಲಾ — ಅವತ್ತು ಬರಬೇಕಿದ್ದ ಹೊತ್ತಿಗೆ.